ಕ್ಯಾತಣ್ಣನ ಕೂಗು

ಜುಂಜಣ್ಣ ದೊಡ್ಡಉಳ್ಳಾರ್ತಿಯಲ್ಲಿ ಬಸ್ಸಿಳಿದು ಹಟ್ಟಿಯ ದಾರಿ ಹಿಡಿಯುವಾಗ ಹೊತ್ತು ಇಳಿಯುತ್ತಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಊರು ಬಿಟ್ಟವನು, ಈಗ ಕಿವಿಯ ಮೇಲೆಲ್ಲ ನರೆ. ಸೌದಿಯ ಮರಳಿನಲ್ಲಿ ಕುರಿ ಕಾಯ್ದ, ಆಮೇಲೆ ನೀರಿನ ಟ್ಯಾಂಕರ್ ಹಿಡಿದು ಒಮಾನ್, ಕುವೈತ್ ಎಂದು ಅಲೆದ. ಅಪ್ಪ ಕ್ಯಾತಣ್ಣ ಸತ್ತ ವರ್ಷ ಮಣ್ಣಿಗೂ ಬರಲಾಗಲಿಲ್ಲ. ಪಾಸ್‌ಪೋರ್ಟು ಮಾಲೀಕನ ಕೈಯಲ್ಲಿತ್ತು. ಈಗ ಒಂದು ತಿಂಗಳ ರಜೆ ಸಿಕ್ಕಿತ್ತು.

ದನ ಮೇಯುವ ಕಾವಲಿನ ಕಡೆಯಿಂದ ಕೂಗು ಬಂತು.

“ಹೋಯ್ ಬಾ... ಹೋಯ್ ಬಾ ಬಸವಾ...”

ಅಪ್ಪನ ದನಿ. ಕೂಗು ಮುಗಿದ ಕೂಡಲೇ ಒಂದು ಬೀಡಿಕೆಮ್ಮು, ಅದೂ ಅಪ್ಪನದೇ. ಸೂಟ್‌ಕೇಸ್ ಕೈಯಿಂದ ಜಾರಿತು. ಜುಂಜಣ್ಣ ದೆವ್ವ ಗಿವ್ವ ಎಂದು ಹೆದರುವ ಆಸಾಮಿಯಲ್ಲ. ಮರಳುಗಾಡಿನಲ್ಲಿ ಒಂಟಿಯಾಗಿ ಮಲಗಿ ಎದ್ದವನಿಗೆ ಅದಕ್ಕೆಲ್ಲ ಪುರಸೊತ್ತಾದರೂ ಎಲ್ಲಿ? ಆದರೂ “ಬಂದೆ ಅಪ್ಪಾ” ಎಂಬ ಮಾತು ನಾಲಿಗೆಯವರೆಗೆ ಬಂದು ನಿಂತಿತು.

ಧೂಳೆಬ್ಬಿಸಿಕೊಂಡು ದನಗಳು ಬಂದವು. ಅವುಗಳ ಮುಂದೆ ಬೈಕಿನಲ್ಲಿ ತಮ್ಮ ಮಾರುತೇಶ. ಬೈಕಿಗೆ ಒಂದು ಮೈಕು ಕಟ್ಟಿತ್ತು, ಪ್ಲಾಸ್ಟಿಕ್ ಕೊಡ ಮಾರುವವರು ಕಟ್ಟಿಕೊಳ್ಳುತ್ತಾರಲ್ಲ, ಅಂಥದ್ದು.

“ಏನಲೇ ಇದು?”

“ಅಪ್ಪನ ದನಿ ಕಣಣ್ಣ. ಅಪ್ಪ ಇದ್ದಾಗ ನೀನೇ ಕೇಳಿದ್ಯಲ್ಲ, ಅಲ್ಲಿ ಬ್ಯಾಸರ ಆಗ್ತೈತೆ, ಅಪ್ಪನ ಕೂಗು ಕಳ್ಸು ಅಂತ? ಅದೇ ಇದು. ನನ್ನ ಫೋನ್ನಾಗೆ ಉಳ್ಕಂಡಿತ್ತು.”

ದೇವರ ದನ ಅವು. ಅವನ್ನು ಯಾರೂ ಮಾರುವುದಿಲ್ಲ, ಉಳುಮೆಗೆ ಕಟ್ಟುವುದಿಲ್ಲ. ಕಾಯುವ ಕಿಲಾರಿ ಸತ್ತರೆ ಅವನ ಹಿರಿಮಗ ಬಂದು, ದನ ಕೂಡುವ ರೊಪ್ಪದ ಬಾಯಲ್ಲಿ ಅಪ್ಪನ ಕಂಬಳಿ ಹಾಸಿ, ಸ್ವಂತ ಬಾಯಿಂದ ಕರೆಯಬೇಕು. ಅಲ್ಲಿಯವರೆಗೆ ದನ ಸತ್ತವನದೇ. ಅವನೂ ಅಲ್ಲೇ ಇರುತ್ತಾನೆ, ಎಲ್ಲಿಗೂ ಹೋಗುವುದಿಲ್ಲ ಎನ್ನುತ್ತದೆ ಹಟ್ಟಿ. ಹಿರಿಯವನು ಇವತ್ತು ಬಂದಾನು, ನಾಳೆ ಬಂದಾನು ಎಂದು ಹಟ್ಟಿಯವರು ಕಾದರು. ಕಾವಲಿಗೆ ಹೊಸ ಕಾಂಪೌಂಡುಗಳು ಎದ್ದವು, ಮೇಯುವ ದಾರಿ ತಪ್ಪಿತು, ಮಾರುತೇಶ ಎಷ್ಟು ಗಂಟಲು ಹರಿದುಕೊಂಡರೂ ದನ ತಿರುಗಿ ನೋಡಲಿಲ್ಲ. ಕೊನೆಗೆ ಮೈಕು ಕಟ್ಟಿದ. ದನ ಬಂದವು.

ಮನೆ ಬಾಗಿಲಲ್ಲಿ ಅವ್ವ ಮೂಗಮ್ಮ ಚೊಂಬು ನೀರಿಟ್ಟುಕೊಂಡು ನಿಂತಿದ್ದಳು. ಜುಂಜಣ್ಣ ಕಾಲು ತೊಳೆಯಲು ಕೈಹಾಕಿದ.

“ಅದು ಬ್ಯಾಡ ಮಗಾ. ನಿನಗೆ ಬ್ಯಾರೆ ಕೊಡ್ತೀನಿ.”

ಕಾವಲಿನಿಂದ ಬರುವ ಗಂಡನಿಗೆ ಕಾಲಿಗೆ ನೀರಿಡುವುದು ಅವಳ ರೂಢಿ. ಕೂಗು ಕೇಳಿದರೆ ಈಗಲೂ ಇಡುತ್ತಾಳೆ. ತಲೆ ಕೆಟ್ಟಿರಲಿಲ್ಲ ಅವಳಿಗೆ. ಗಂಡ ಸತ್ತದ್ದು ಚೆನ್ನಾಗಿ ಗೊತ್ತು. ಮುಟ್ಟದ ಆ ನೀರನ್ನು ಬೆಳಿಗ್ಗೆ ಬೇವಿನ ಗಿಡಕ್ಕೆ ಸುರಿಯುತ್ತಾಳೆ.

ದಿನಾ ಸಂಜೆ ಅದೇ ಕೂಗು, ಅದೇ ಜಾಗದಲ್ಲಿ ಅದೇ ಕೆಮ್ಮು. ಜುಂಜಣ್ಣ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಅಪ್ಪನನ್ನು ಕಾವಲಲ್ಲಿ ಕಟ್ಟಿಹಾಕಿದವನು ತಾನೇ, ಬಿಡಿಸಬೇಕಾದವನೂ ತಾನೇ ಎನ್ನಿಸಿತು ಅವನಿಗೆ. ತನ್ನ ದನಿಗೆ ದನ ಬಾರದಿದ್ದರೆ? ಆಗ ಅಪ್ಪನಿಗೆ ಬಿಡುಗಡೆಯೇ ಇಲ್ಲ.

“ನಾನು ಕರೀತೀನಿ ಕಣಲೇ,” ಎಂದ.

“ಕರೆದ ಮ್ಯಾಲೆ ದನ ನಿಂದಾಗ್ತವೆ ಅಣ್ಣ. ಆಮ್ಯಾಲೆ ಹೋಗ್ತೀಯಾ?”

ಜುಂಜಣ್ಣ ಅಟ್ಟದಿಂದ ಅಪ್ಪನ ಕಂಬಳಿ ಇಳಿಸಿ ಕೊಡವಿದ. ವಾಪಸು ಹೋಗುವ ಟಿಕೆಟ್ಟು ಆಗಲೇ ಆಗಿತ್ತು.

ಸೋಮವಾರ ಸಂಜೆ ಹಟ್ಟಿಯ ಹಿರಿಯರು ಸೇರಿದರು. ಜುಂಜಣ್ಣ ಅಪ್ಪನ ಕಂಬಳಿ ಹಾಸಿದ. ಮಾರುತೇಶ ಮೈಕು ಆರಿಸಿ, ಮೊಬೈಲು ಹಿಡಿದು ಪಕ್ಕಕ್ಕೆ ನಿಂತ. ಫೋಟೋಕ್ಕಿರಬೇಕೆಂದು ಜುಂಜಣ್ಣ ಅಂದುಕೊಂಡ. ಬಾಯಿ ತೆರೆದರೆ ಮರಳುಗಾಡಿನಲ್ಲಿ ಕುರಿಗೆ ಹಾಕುತ್ತಿದ್ದ “ಹಿರ್‍ರ್, ಹಿರ್‍ರ್” ಹೊರಟಿತು. ಹಿರಿಯರು ಮುಖ ಮುಖ ನೋಡಿಕೊಂಡರು. ದನಗಳು ತಲೆಯೆತ್ತಿ ಬೈಕಿನ ಕಡೆ ನೋಡಿದವು.

ಅವನು ಕಣ್ಣು ಮುಚ್ಚಿದ. ಮರಳಿನಲ್ಲಿ ಫೋನು ಕಿವಿಗೊತ್ತಿಕೊಂಡು ಅದೆಷ್ಟು ಸಲ ಕೇಳಿದ್ದನೋ, ಆ ಕೂಗು ಎದೆಯ ಆಳದಿಂದ ತಾನಾಗಿ ಎದ್ದು ಬಂತು. “ಹೋಯ್ ಬಾ... ಹೋಯ್ ಬಾ ಬಸವಾ...” ಹಿಂದೆಯೇ ಒಂದು ಕೆಮ್ಮೂ ಬಂತು. ಬೀಡಿಯನ್ನು ಕೈಯಲ್ಲೂ ಮುಟ್ಟದವನು ಅವನು.

ದನಗಳು ಬಂದವು. ಕಂಬಳಿ ಮೂಸಿ, ಅದನ್ನು ತುಳಿಯದೆ ದಾಟಿ, ಒಂದೊಂದಾಗಿ ರೊಪ್ಪದೊಳಗೆ ಹೋದವು. ಜುಂಜಣ್ಣ ಅಲ್ಲೇ ಕುಕ್ಕರಿಸಿ ಅತ್ತ. ಅಪ್ಪನಿಗಾಗಿ ಅಷ್ಟು ವರ್ಷ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತ. ಮನೆಗೆ ಬಂದರೆ ಅವ್ವ ಆ ಚೊಂಬನ್ನೇ ಮುಂದಿಟ್ಟಳು. ಕಾಲು ತೊಳೆದುಕೊಂಡ. ಅಪ್ಪನ ಕೂಗನ್ನು ಫೋನಿನಿಂದ ಅಳಿಸಿದೆ ಎಂದ ಮಾರುತೇಶ.

ಮರುದಿನ ಸಂಜೆ ಜುಂಜಣ್ಣ ನಡುಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಕಾವಲಿನ ಕಡೆಯಿಂದ ಕೂಗು ಕೇಳಿಸಿತು. “ಹೋಯ್ ಬಾ... ಹೋಯ್ ಬಾ ಬಸವಾ...” ಆಮೇಲೆ ಕೆಮ್ಮು. ಅಪ್ಪನದಲ್ಲ. ತನ್ನದೇ, ಮಾರುತೇಶನ ಮೈಕಿನಲ್ಲಿ.

ಅವ್ವ ಒಲೆಯ ಮುಂದಿನಿಂದ ಎದ್ದಳು. ಹಂಡೆಯಿಂದ ಚೊಂಬು ತುಂಬಿಕೊಂಡು ಅವನ ಮುಂದೆಯೇ ಹಾದುಹೋಗಿ ಬಾಗಿಲಲ್ಲಿಟ್ಟಳು.

“ಅವ್ವಾ, ನಾನು ಇಲ್ಲೇ ಇದೀನಿ.”

“ಗೊತ್ತೈತೆ ಕಣಪ್ಪ,” ಎಂದಳು ಮೂಗಮ್ಮ, ಹೊರಗಡೆ ನೋಡುತ್ತಲೇ. “ಈಗ್ಲಿಂದ ರೂಢಿ ಮಾಡ್ಕಂತಿದೀನಿ.”