ನಡುಗುವ ಕೈಗೆ ಕೊಟ್ಟ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪೇಂಟರ್ ಖಾದರ್ ಚಾಚಾರ ಬೋರ್ಡುಗಳನ್ನು ತಿಂದದ್ದು ಫ್ಲೆಕ್ಸು. ಅದು ತಿಂದು ಉಳಿಸಿದ್ದನ್ನು ತಿಂದವನು ನಾನು.

ಆಗ ನಾನು ಆರನೇ ಕ್ಲಾಸು. ಶಾಲೆ ಬಿಟ್ಟ ಕೂಡಲೇ ಟೀವಿ ಮುಂದೆ ಕೂತು, ಬಾಯ್ತುಂಬ ಮಂಡಕ್ಕಿ ಇಟ್ಟುಕೊಂಡೇ ಕಾರ್ಟೂನಿನ ಬೆಕ್ಕು, ಬಾತುಕೋಳಿ ಎಲ್ಲದರ ದನಿ ತೆಗೆಯುತ್ತಿದ್ದ ಕಾಲ. ನೀವೂ ತೆಗೆದಿರುತ್ತೀರಿ, ಆಮೇಲೆ ಬುದ್ಧಿ ಬಂದು ನಿಲ್ಲಿಸಿರುತ್ತೀರಿ. ನಾನು ಹಾಲಿನವ, ಹೆಡ್‌ಮಿಸ್ಸು, ನಮ್ಮಪ್ಪನ ಗೊರಕೆ, ಯಾವುದನ್ನೂ ಬಿಡಲಿಲ್ಲ. ನನ್ನದೇ ಮೂಗುದನಿಯನ್ನು ಅಣಕಿಸಿದರೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅದು ಇದ್ದದ್ದೇ ಹಾಗೆ.

ಚಾಚಾ ಹರಿಹರದವರು. ನಮ್ಮ ಮಂಡಿಪೇಟೆಯ ಅರ್ಧ ಅಂಗಡಿಗಳ ಹೆಸರು ಬರೆದದ್ದು ಅವರೇ. ಫ್ಲೆಕ್ಸ್ ಬಂದ ಮೇಲೆ ಕೆಲಸವಿಲ್ಲದೆ, ಆ ಬೇಸಿಗೆ ನಮ್ಮ ಶಾಲೆಯ ಶಿಬಿರಕ್ಕೆ ಚಿತ್ರ ಕಲಿಸಲು ಬಂದರು. ಮಕ್ಕಳಿಗೆ ಹಿಡಿಸಿದರೆ ಜೂನಿನಿಂದ ಡ್ರಾಯಿಂಗ್ ಮೇಷ್ಟ್ರಾಗಿ ತೆಗೆದುಕೊಳ್ಳುತ್ತೇನೆ ಎಂದು ಹೆಡ್‌ಮಿಸ್ಸು ಮಾತು ಕೊಟ್ಟಿದ್ದರು.

ಹಿಡಿಸದೆ ಇರುತ್ತಾರೆಯೇ? ಅಂಗಿಯಿಂದ ಟರ್ಪೆಂಟೈನ್ ವಾಸನೆ, ಜೇಬಿನಿಂದ ಶುಂಠಿ ಪೆಪ್ಪರ್‌ಮೆಂಟು. ಹಳೇ ಡೈರಿಯ ಒಂದೊಂದು ಹಾಳೆಯ ಮೂಲೆಯಲ್ಲೂ ಒಂದೊಂದು ಬೆಕ್ಕು ಬರೆಸಿ, ಹಾಳೆಗಳನ್ನು ಹೆಬ್ಬೆರಳಿನಿಂದ ಪರ್ರನೆ ಹಾರಿಸಿದರು. ಬೆಕ್ಕು ಗೋಡೆ ಹತ್ತಿತು, ದಬಕ್ಕನೆ ಬಿತ್ತು.

"ಏಳಲ್ವಾ ಚಾಚಾ?"

"ಇನ್ನೂ ಹನ್ನೆರಡು ಹಾಳಿ ಬರಿ, ಏಳ್ತೈತೆ. ತಾನೇ ಏಳಾಕೆ ಅದೇನು ನಿನ್ನಂಗೆ ದೋಸೆ ತಿಂದೈತಾ?"

ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವರು ಗೆರೆ ಎಳೆಯುವುದನ್ನು ನೋಡಿದೆ. ಬಲಗೈಯ ಮಣಿಕಟ್ಟನ್ನು ಎಡಗೈ ಬಿಗಿಯಾಗಿ ಹಿಡಿದಿತ್ತು. ನನ್ನನ್ನು ಕಂಡು ಕೆಮ್ಮಿದರು.

"ಕೈ ನಡುಗ್ತೈತೆ ಬೇಟಾ. ಮೇಡಮ್ಮಾರಿಗೆ ಹೇಳಬ್ಯಾಡ."

ನಾನು ಅಮ್ಮನಾಣೆ ಇಟ್ಟೆ.

ಕೊನೆಯ ದಿನ ಸಿನಿಮಾ. ಹಳೇ ಕಾರ್ಟೂನುಗಳ ಬಗ್ಗೆ, ಅವನ್ನು ಬರೆದವರ ಬಗ್ಗೆ ಒಂದು ಸಾಕ್ಷ್ಯಚಿತ್ರ. ಪೂರಾ ಇಂಗ್ಲಿಷು. ಚಾಚಾ ಮಗಳ ಹತ್ತಿರ ಅರ್ಥ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಶಾಲೆಯ ಹಾಲ್‌ನ ಕಿಟಕಿಗಳಿಗೆ ಜಮಖಾನ ಕಟ್ಟಿ, ಸೌಂಡು ತಗ್ಗಿಸಿ, ಪರದೆಯ ಪಕ್ಕ ನಿಂತು ಹೇಳಿದರು: "ನೋಡ್ರಪ್ಪಾ, ಕೋಣೆ ತುಂಬ ಮಂದಿ. ಒಬ್ಬೊಬ್ಬರದು ಒಂದೊಂದು ಹಾಳಿ. ಬೋರ್ಡಿನ ಮ್ಯಾಲೆ ಹೆಸರು ಮಾತ್ರ ಸಾವ್ಕಾರಂದು. ಅಲ್ಲೂ ಮಂಡಿಪೇಟೇನೇ!"

ಆಗ ಪರದೆಯ ಮೇಲೆ ಒಬ್ಬ ಮುದುಕ ಬಂದ. ಒಂದು ಕಾಲದಲ್ಲಿ ಸಾವಿರಾರು ಬೆಕ್ಕು ಬರೆದವನು. ಈಗ ಪೆನ್ಸಿಲ್ ಹಿಡಿದ ಅವನ ಕೈ ಗಡಗಡ ನಡುಗುತ್ತಿತ್ತು. ಚಾಚಾ ಮಾತು ನಿಲ್ಲಿಸಿದರು. ಹಾಲ್ ನಿಶ್ಶಬ್ದವಾಯಿತು.

ನಿಶ್ಶಬ್ದ ಸಿಕ್ಕರೆ ನನ್ನ ನಾಲಿಗೆ ತುರಿಸುತ್ತದೆ. ಆ ಮುದುಕನ ಬಾಯಿ ಅಲುಗಿದ ತಾಳಕ್ಕೆ ಸರಿಯಾಗಿ ಚಾಚಾರ ದನಿ ತೆಗೆದೆ: "ಕೈ ನಡುಗ್ತೈತೆ ಬೇಟಾ. ಮೇಡಮ್ಮಾರಿಗೆ ಹೇಳಬ್ಯಾಡ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. "ಇನ್ನೊಂದ್ಸಲ ಲೇ!" ಅಂದರು. ಕೆಮ್ಮನ್ನೂ ಸೇರಿಸಿ ಇನ್ನೊಂದು ಸಲ ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಿಸ್ಸು ನಗಲಿಲ್ಲ. ಅವರು ಚಾಚಾರ ಕೈ ನೋಡಿದರು. ಚಾಚಾ ಆ ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದರು. ಜೂನಿನಲ್ಲಿ ಬೇರೊಬ್ಬ ಡ್ರಾಯಿಂಗ್ ಮೇಷ್ಟ್ರು ಬಂದ. ಇಡೀ ವರ್ಷ ಮಾವಿನಹಣ್ಣು ಬರೆಸಿದ.

ಈಗ ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಕೇಳಿದವರ ದನಿಯೆಲ್ಲ ಬರುತ್ತದೆ, ಆ ಕೆಮ್ಮೊಂದು ಬಿಟ್ಟು. ಮಂಡಿಪೇಟೆಯಲ್ಲಿ ಚಾಚಾ ಬರೆದ ಒಂದೇ ಬೋರ್ಡು ಉಳಿದಿದೆ. ಅದರ ಅರ್ಧವನ್ನೂ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಮುಚ್ಚಿದೆ. ಉಳಿದರ್ಧದ ಅಕ್ಷರಗಳಲ್ಲಿ ಒಂದು ಗೆರೆಯೂ ನಡುಗಿಲ್ಲ. ಅದರ ಕೆಳಗೆ ನಿಂತಾಗಲೆಲ್ಲ ನನಗೆ ಆ ವರ್ಷದ ಜುಲೈ ನೆನಪಾಗುತ್ತದೆ.

ವಿಷಯ ಗೊತ್ತಾದ ಅಮ್ಮ ಬೆನ್ನಿಗೆರಡು ಬಿಟ್ಟು, ಕ್ಷಮೆ ಕೇಳಿ ಬಾ ಎಂದು ಹರಿಹರದ ಬಸ್ಸು ಹತ್ತಿಸಿದ್ದಳು. ಚಾಚಾ ಒಂದು ಅಕ್ಕಿ ಗಿರಣಿಯಲ್ಲಿ ಕೂತು, ಚೀಲಗಳ ಮೇಲೆ ತಗಡಿನ ಅಚ್ಚಿಟ್ಟು ಬಣ್ಣ ಬಳಿಯುತ್ತಿದ್ದರು. ಅಚ್ಚಿಗಾದರೆ ಕೈ ನಡುಗಿದರೂ ನಡೆಯುತ್ತದೆ. ತಪ್ಪಾಯಿತು ಎನ್ನಬೇಕಿತ್ತು. ನಾಲಿಗೆಯ ಚಾಳಿ ಬಿಡಬೇಕಲ್ಲ.

"ನಗ್ಸಾಕೆ ಮಾಡಿದ್ದು ಚಾಚಾ. ಕಾರ್ಟೂನಿನಾಗೂ ಬೆಕ್ಕು ಬೀಳ್ತೈತೆ, ಎಲ್ರೂ ನಗ್ತಾರೆ, ಅದು ಎದ್ದು ಹೋಗ್ತೈತೆ."

ಚಾಚಾ ತಲೆ ಎತ್ತಿದರು. ನಡುಗುವ ಕೈಯಲ್ಲೇ ಕುಂಚವನ್ನು ನನ್ನ ಕಡೆ ಚಾಚಿದರು.

"ಬೆಕ್ಕನ್ನ ಎಬ್ಬಿಸಾಕೆ ಒಬ್ಬ ಕೂತು ಹನ್ನೆರಡು ಹಾಳಿ ಬರೀತಾನೆ ಬೇಟಾ. ತಗಾ, ನನ್ನನ್ನ ಬರಿ."