ಕಾಂಟೆಸ್ಸಾದ ಬಾಗಿಲು

ಇವತ್ತು ಹುಕ್ಕೇರಿಯಲ್ಲಿ ಕಾಕಾನ ಗ್ಯಾರೇಜಿಗೆ ಹೋದಾಗ ವೆಲ್ಡಿಂಗಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನಾನು ಮತ್ತೆ ಗೋಕಾಕಿನ ನಮ್ಮ ತಗಡಿನ ಶೆಡ್ಡಿನಲ್ಲಿ ನಿಂತ ಲಂಗದ ಹುಡುಗಿಯಾದೆ.

ಮೂಡಲಗಿಯಿಂದ ಒಂದು ಹಳೆಯ ಕಾಂಟೆಸ್ಸಾ ಕಾರು ಬಂದಿತ್ತು. ವೇಗ ಹೆಚ್ಚಿದರೆ ಅದರ ಮೂತಿ ನಡುಗುತ್ತಿತ್ತು. ಎಂಜಿನ್ನಿನ ಮೇಲೆ ಅಡ್ಡಲಾಗಿ ಪೈಪು ಬೆಸೆದು ಮುಂಭಾಗವನ್ನು ಬಿಗಿ ಮಾಡುವ ಕೆಲಸವನ್ನು ಅಪ್ಪ ತನ್ನ ತಮ್ಮನಾದ ಕಾಕಾನಿಗೆ ಒಪ್ಪಿಸಿದ್ದ. ಅಪ್ಪನ ಪರೀಕ್ಷೆ ಒಂದೇ: ಮುಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿ ಬಾಗಿಲು ಮುಚ್ಚುವುದು. ಬಾಡಿ ಗಟ್ಟಿಯಿದ್ದರೆ ಬಾಗಿಲು ಸಲೀಸಾಗಿ ಮುಚ್ಚುತ್ತದೆ, ಇಲ್ಲದಿದ್ದರೆ ಬಾಡಿ ತಿರುಚಿಕೊಂಡು ಬಾಗಿಲು ಹಿಡಿಯುತ್ತದೆ.

ಅಂದು ಬಾಗಿಲು ಸಿಕ್ಕಿಕೊಂಡಿತು. ಅಪ್ಪ ಬೆಸುಗೆಯನ್ನು ಉಗುರಿನಿಂದ ಕೆರೆದ. ಕರಿ ಬಣ್ಣದ ಕೆಳಗೆ ಬೆಸುಗೆಯ ಬದಲು ಕಾಕಾ ಮೆತ್ತಿದ ಬರೀ ಪುಟ್ಟಿ, ಅದರ ಕೆಳಗೆ ತುಕ್ಕು. ಎಳೆದರೆ ಪೈಪು ಕೈಗೇ ಬಂತು. ಅದರಿಂದಲೇ ಅಪ್ಪ ಕಾಕಾನ ಬಲಗೈಗೆ ಬಡಿದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು.

“ಇದರಾಗ ಮಂದಿ ಕುಂದ್ರತಾರಲೇ!” ಎಂದು ಅಪ್ಪ ಮತ್ತೆ ಪೈಪೆತ್ತಿದ.

“ತಪ್ಪಾತೋ ಯಣ್ಣಾ, ಬಿಡೋ!” ಕಾಕಾ ಚೀರಿದ.

ನಾನು ನಡುವೆ ನುಗ್ಗಿ ಅಪ್ಪನ ತೋಳನ್ನು ರಕ್ತ ಬರುವಂತೆ ಕಚ್ಚಿದೆ. ಅಪ್ಪನ ಮಾತು ಸರಿಯಿತ್ತು. ಆ ಏಟನ್ನು ನಾನು ಇನ್ನೂ ಕ್ಷಮಿಸಿಲ್ಲ.

ಇವತ್ತು ಕಾಕಾ ತಾನೇ ಬೆಸೆದ ಒಂದು ಹಳೆಯ ಕಾರಿನ ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, “ನೀನ ಮುಚ್ಚಿ ನೋಡವಾ” ಎಂದ. ಬಾಗಿಲು ಸಲೀಸಾಗಿ ಮುಚ್ಚಿತು. ಕಾಕಾನ ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ.