ಜಯಮ್ಮ ಪಾಲುದಾರರಾಗಿರಲಿಲ್ಲ

ಕೊರೊನಾ ಕಳೆದ ಮರುವರ್ಷ. ಮಂಡ್ಯದಲ್ಲಿ ನನ್ನ ಲೆಕ್ಕಪರಿಶೋಧನೆಯ ಕಚೇರಿ. ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಎಳನೀರನ್ನು ಬಾಟಲಿಗೆ ತುಂಬುವ ಒಂದು ಘಟಕಕ್ಕೆ ನಾನೇ ಆಡಿಟರ್. ಶಿವಣ್ಣ ಮತ್ತು ಅವರ ಗೆಳೆಯ ಕೃಷ್ಣೇಗೌಡ ಅದನ್ನು ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾಗಿ ನೋಂದಾಯಿಸಿದ್ದರು. ಸಾಮಾನ್ಯ ಪಾಲುದಾರಿಕೆಯಲ್ಲಿ ವ್ಯಾಪಾರ ಮುಳುಗಿದರೆ ಪಾಲುದಾರರ ಮನೆ, ಜಮೀನಿಗೂ ಕುತ್ತು. ಎಲ್‌ಎಲ್‌ಪಿಯಲ್ಲಿ ಹಾಕಿದ ಬಂಡವಾಳಕ್ಕಷ್ಟೇ ಅಪಾಯ. ಒಬ್ಬ ಪಾಲುದಾರ ತೀರಿಕೊಂಡರೂ ಸಂಸ್ಥೆ ಉಳಿಯುತ್ತದೆ. ಆದರೆ ಒಬ್ಬರೇ ಉಳಿದರೆ ಆರು ತಿಂಗಳೊಳಗೆ ಮತ್ತೊಬ್ಬರನ್ನು ಸೇರಿಸಿಕೊಳ್ಳಬೇಕು.

ಶಿವಣ್ಣ ಹೃದಯಾಘಾತದಿಂದ ಹೋಗಿಬಿಟ್ಟರು. ತಿಥಿ ಮುಗಿದ ವಾರ ಅವರ ಹೆಂಡತಿ ಜಯಮ್ಮ ನನ್ನ ಕಚೇರಿಗೆ ಬಂದರು. ಬೆಳಿಗ್ಗೆ ಘಟಕದ ಬಾಗಿಲು ತೆಗೆಯುವುದರಿಂದ ಹಿಡಿದು ಸಂಜೆ ಲಾರಿ ಕಳಿಸುವವರೆಗೆ ಎಲ್ಲವನ್ನೂ ನಡೆಸುತ್ತಿದ್ದವರು ಆಕೆಯೇ.

"ಕೃಷ್ಣೇಗೌಡ್ರು ಬೀಗದ ಕೈ ಕೇಳವ್ರೆ ಸಾರ್. ಕೊಡ್ಬೇಕಾ?"

ಪಾಲುದಾರಿಕೆಯ ಒಪ್ಪಂದವನ್ನು ಮತ್ತೆ ಓದಿದೆ. ವಾರಸುದಾರರಿಗೆ ಬಂಡವಾಳ ಮತ್ತು ಲಾಭದ ಪಾಲು ಸಲ್ಲುತ್ತದೆ. ಆಡಳಿತದಲ್ಲಿ ಕೈಹಾಕುವ ಹಕ್ಕಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ. ಇದ್ದದ್ದು ಒಂದೇ ದಾರಿ: ಕೃಷ್ಣೇಗೌಡರು ಒಪ್ಪಿ ಆಕೆಯನ್ನು ಪಾಲುದಾರರನ್ನಾಗಿ ಸೇರಿಸಿಕೊಳ್ಳುವುದು. ಅವರನ್ನು ಕರೆಸಿ, ಜಯಮ್ಮನ ಎದುರೇ ಕೇಳಿದೆ.

"ಅಣ್ಣನ ಪಾಲಲ್ಲಿ ಒಂದ್ರೂಪಾಯ್ನೂ ಇಟ್ಕಳಾಕಿಲ್ಲ ಅತ್ಗೆಮ್ಮ," ಎಂದರು ಅವರು ತಲೆ ತಗ್ಗಿಸಿ. "ಆದ್ರೆ ನನ್ನ ಅಳಿಯ ಬತ್ತಾವ್ನೆ. ಒಂದ್ ಕಡೆ ಇಬ್ರು ಯಜಮಾನ್ರು ಬ್ಯಾಡ."

"ನಾನು ಕಾಸು ಕೇಳಾಕೆ ಬಂದಿಲ್ಲ ಕಣಪ್ಪ. ನಾಳೆ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಓಗ್ಲಿ? ಅದ ಯೋಳು."

ಕೃಷ್ಣೇಗೌಡರು ನನ್ನ ಮುಖ ನೋಡಿದರು. ಜಯಮ್ಮನೂ ನೋಡಿದರು. ನಾನು ಒಪ್ಪಂದದ ಹಾಳೆಗಳನ್ನು ಮಡಿಸಿಟ್ಟೆ. ಆಕೆ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಮೇಜಿನ ಮೇಲಿಟ್ಟು, ಬಸ್‌ಸ್ಟ್ಯಾಂಡಿನತ್ತ ಹೊರಟರು. ಅಳಿಯನನ್ನು ಪಾಲುದಾರನನ್ನಾಗಿ ಸೇರಿಸುವ ಫಾರಂ ಸಲ್ಲಿಸಿದವನು ನಾನೇ. ಅದು ನನ್ನ ಕೆಲಸವಾಗಿತ್ತು.

ಜಯಮ್ಮನಿಲ್ಲದೆ ಘಟಕ ನಿಂತುಹೋಗುತ್ತದೆಂದು ಒಳಗೊಳಗೇ ಎಣಿಸಿದ್ದೆ. ನಿಲ್ಲಲಿಲ್ಲ. ಚೆನ್ನಾಗಿಯೇ ನಡೆಯಿತು. ಆಕೆಯ ಪಾಲಿನ ಹಣ ಪೂರ್ತಿ ಸಂದಾಯವಾಯಿತು. ಕಾನೂನಿನ ಪ್ರಕಾರ ಯಾರಿಗೂ ಅನ್ಯಾಯವಾಗಿರಲಿಲ್ಲ.

ಹೊಣೆಗೆ ಮಿತಿ ಹಾಕುವ ಕಾನೂನು ಬಂಡವಾಳ ಹಾಕಿದವರನ್ನು ಕಾಯುತ್ತದೆ, ಹೆಸರಿಲ್ಲದೆ ದುಡಿದವರನ್ನಲ್ಲ. ವೃತ್ತಿ ನನಗೆ ಕಲಿಸಿದ್ದು ಇದು. ಆಮೇಲೆ ನೋಂದಣಿಗೆ ಬಂದವರಿಗೆಲ್ಲ, ಮನೆಯವರೂ ದುಡಿಯುತ್ತಿದ್ದರೆ ಅವರ ಹೆಸರನ್ನೂ ಸೇರಿಸಿ ಎನ್ನುತ್ತಿದ್ದೆ. ಕಳೆದ ತಿಂಗಳು ಮಳವಳ್ಳಿಯ ಒಬ್ಬರು ನಕ್ಕರು: "ಅವ್ಳಿಗ್ಯಾಕೆ ಸಾರ್ ಇವೆಲ್ಲ, ಅಂಗ್ಡಿ ನೋಡ್ಕಂಡ್ರೆ ಸಾಕು."

ಅವರು ಹೇಳಿದಂತೆಯೇ ಒಪ್ಪಂದ ಬರೆದುಕೊಟ್ಟೆ.